ನೀವ್ ಯಾವ ಪೈಕಿರಿ?

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಹೋಗಲು ಮುಕ್ಕಾಲು ತಾಸು ಸಾಕು. ಪಕ್ಕದ ಸೀಟಿನಲ್ಲಿ ನಿವೃತ್ತ ಹಿರಿಯರೊಬ್ಬರು ಬಂದು ಕೂತರೆ ಅಷ್ಟರೊಳಗೆ ನಿಮ್ಮ ಏಳು ತಲೆಮಾರಿನ ಪಂಚನಾಮೆ ಮುಗಿದಿರುತ್ತದೆ. ಅವರು ನೇರವಾಗಿ ಜಾತಿ ಕೇಳುವವರಲ್ಲ, ಮರ್ಯಾದಸ್ಥರು. ಉಣಕಲ್ ಕೆರೆ ಬರುವ ಹೊತ್ತಿಗೆ ಊರು ಕೇಳುತ್ತಾರೆ. ಹುಬ್ಬಳ್ಳಿ ಅಂದರೆ, "ಅದು ಖರೆ, ಮೂಲ ಯಾವೂರ್ರಿ?" ನವನಗರ ದಾಟುವಾಗ ಅಡ್ಡಹೆಸರು. ಸತ್ತೂರಿನ ಹತ್ತಿರ, "ಜಾತ್ರಿಗೆ ಎಲ್ಲಿಗೆ ಹೋಗ್ತೀರಿ?" ಅದಕ್ಕೂ ಬಗ್ಗದಿದ್ದರೆ ಟೋಲ್ ನಾಕಾದಲ್ಲಿ ಮಾಂಸದೂಟದ ವಿಷಯ ತೆಗೆಯುತ್ತಾರೆ: "ಸಾವಜಿ ಖಾನಾವಳಿ ಹುಬ್ಬಳ್ಳ್ಯಾಗ ಭಾಳ ಆಗ್ಯಾವಲ್ರಿ ಈಗ. ನಿಮ್ಮಲ್ಲೆ ಅದೆಲ್ಲಾ ನಡೀತದೇನು?" ಇಷ್ಟಾದರೂ ನೀವು ನಕ್ಕು ಕಿಟಕಿಯಾಚೆ ನೋಡುತ್ತ ಕೂತರೆ, ಜುಬಿಲಿ ಸರ್ಕಲ್ಲಿನಲ್ಲಿ ಇಳಿಯಲು ಎದ್ದವರು ಕಂಬಿ ಹಿಡಿದುಕೊಂಡೇ ಕೊನೆಯ ಬಾಣ ಬಿಡುತ್ತಾರೆ: "ಅಲ್ರಿ, ನೀವ್ ಯಾವ ಪೈಕಿ?"

ಇದರಲ್ಲಿ ಕೇಡಿಲ್ಲ ಎಂದು ಬಹಳ ದಿನ ನಂಬಿದ್ದೆ. ಈಗಲೂ ಅರ್ಧ ನಂಬುತ್ತೇನೆ. ಪಾಪ, ಹೊತ್ತು ಹೋಗಬೇಕಲ್ಲ.

ಬೇರೆ ಸೀಮೆಯಲ್ಲಿ ಅಡ್ಡಹೆಸರು ಕೇಳಿದರೆ ಕೆಲಸ ಮುಗಿಯುತ್ತದೆ. ನಮ್ಮಲ್ಲಿ ಅದರಿಂದಲೇ ತೊಡಕು ಶುರು. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ಅಕ್ಕಿ, ತುಪ್ಪದ, ಉಪ್ಪಿನ. ನಮ್ಮ ಕಡೆಯ ಮತದಾರರ ಪಟ್ಟಿಯ ಒಂದು ಪುಟ ಓದಿದರೆ ಕಿರಾಣಿ ಅಂಗಡಿಯ ತಿಂಗಳ ಚೀಟಿ ಓದಿದ ಹಾಗಿರುತ್ತದೆ. ಅಜ್ಜನ ಅಜ್ಜ ಏನು ಮಾರುತ್ತಿದ್ದ ಎಂಬುದು ತಿಳಿಯುತ್ತದೆ, ಪೈಕಿ ತಿಳಿಯುವುದಿಲ್ಲ. ಹುದ್ದೆಯಿಂದ ಬಂದ ಹೆಸರುಗಳು ಇನ್ನೂ ಮೋಸ. ಪಾಟೀಲರಲ್ಲಿ ಲಿಂಗಾಯತರಿದ್ದಾರೆ, ಜೈನರಿದ್ದಾರೆ, ಮರಾಠರಿದ್ದಾರೆ, ರಡ್ಡಿಗಳಿದ್ದಾರೆ, ಬ್ರಾಹ್ಮಣರಿದ್ದಾರೆ, ಮುಸಲ್ಮಾನರೂ ಇದ್ದಾರೆ. ಊರ ಗೌಡಕಿ ಯಾರ ಕೈಯಲ್ಲಿತ್ತೋ ಅವರು ಪಾಟೀಲರು. ಇನಾಮದಾರರ ಕಥೆಯೂ ಅದೇ. "ಪಾಟೀಲ ಅಂತ್ರಿ" ಎಂದು ಉತ್ತರಿಸಿ ಸುಮ್ಮನಾದವನನ್ನು ಬಸ್ಸಿನ ಹಿರಿಯರು ನೋಡುವ ಸಂಕಟದ ನೋಟ ನೋಡಬೇಕು.

ನಮ್ಮ ಅಡ್ಡಹೆಸರು ಒಂದು ಕಾಳಿನದು. ಯಾವ ಕಾಳು ಎಂದು ಹೇಳುವುದಿಲ್ಲ. ಹೇಳಿದರೆ ನೀವೂ ಪೈಕಿ ಗೊತ್ತಾಯಿತೆಂದು ಪುಟ ತಿರುವುತ್ತೀರಿ.

ಮಗ ಅಮೆರಿಕಕ್ಕೆ ಹೋದ ಹೊಸತರಲ್ಲಿ ಒಂದು ರಾತ್ರಿ ಫೋನ್ ಮಾಡಿದ. "ಅಪ್ಪಾ, ಇಲ್ಲಿ ಫಾರ್ಮಿನ್ಯಾಗ ರೇಸ್ ಯಾವುದು ಅಂತ ಕೇಳ್ಯಾರ. ಬಿಳಿಯ, ಕರಿಯ, ಏಷ್ಯನ್ ಅಂತ ಡಬ್ಬಿ ಅದಾವ." ಪಕ್ಕದಲ್ಲಿದ್ದ ನನ್ನ ಹೆಂಡತಿ ಇದನ್ನು ಕೇಳಿಸಿಕೊಂಡು, "ಹೋಗಿ ಮುಟ್ಟಿ ವಾರ ಆಗಿಲ್ಲ, ಅಲ್ಲೂ ಕೇಳಾಕ ಸುರು ಮಾಡಿದ್ರಾ? ಇರ್ಲಿ ಬಿಡು, ಸುತ್ತು ಬಳಸದ ಕೇಳ್ತಾರಲ್ಲ, ಅದ ಚಲೋ" ಅಂದಳು. ಮಗ ಏಷ್ಯನ್ ಎಂದು ಗುರುತು ಹಾಕಿದನಂತೆ. "ಚೀನಾದಾಂವ, ಜಪಾನಿನಾಂವ, ನಾನು ಎಲ್ಲಾರೂ ಇಲ್ಲೆ ಒಂದ ಪೈಕಿ." ನನಗೆ ನಮ್ಮಜ್ಜಿ ನೆನಪಾದಳು. ದುರ್ಗದಬೈಲಿನ ಹಿಂದಿನ ನಮ್ಮ ಓಣಿಯಲ್ಲಿ ಮೂರು ಮನೆ ಆಚೆಯವರ ನೀರು ಕುಡಿಯದವಳು ಅವಳು. ಮರಿಮಗನನ್ನು ಟೋಕಿಯೋದವರ ಪಂಕ್ತಿಯಲ್ಲಿ ಕೂರಿಸಿದ್ದಾರೆ ಎಂಬ ಸುದ್ದಿ ಅವಳಿಗೆ ಮುಟ್ಟಿಸುವ ದಾರಿ ಇದ್ದಿದ್ದರೆ!

ಅಮೆರಿಕದವರೂ ಈ ವಿಷಯದಲ್ಲಿ ನಮ್ಮವರಿಗೆ ಕಡಿಮೆಯೇನಲ್ಲ. ಅವರ 1920, 1930, 1940ರ ಜನಗಣತಿಗಳಲ್ಲಿ ಭಾರತದಿಂದ ಹೋದವರ ಜನಾಂಗ 'ಹಿಂದೂ'. ಸಿಖ್ಖರಾಗಲಿ ಮುಸಲ್ಮಾನರಾಗಲಿ, ಜನಾಂಗ ಮಾತ್ರ ಹಿಂದೂ. ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ಸಿಖ್ಖರೊಬ್ಬರು ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಆಗ ಬಿಳಿಯರಿಗೆ ಮತ್ತು ಆಫ್ರಿಕ ಮೂಲದವರಿಗೆ ಬಿಟ್ಟರೆ ಹೊರಗಿನಿಂದ ಬಂದ ಬೇರೆಯವರಿಗೆ ಪೌರತ್ವ ಇರಲಿಲ್ಲ. ಥಿಂಡ್, ನಾನು ಆರ್ಯ, ಕಾಕೇಷಿಯನ್, ಹಾಗಾಗಿ ಬಿಳಿಯ ಎಂದು ವಾದಿಸಿದರು. ಪಂಡಿತರು ಏನೇ ಹೇಳಲಿ, ಸಾಮಾನ್ಯ ಜನ ನಿಮ್ಮನ್ನು ಬಿಳಿಯ ಅನ್ನುವುದಿಲ್ಲ ಎಂದು ಅಲ್ಲಿಯ ಸುಪ್ರೀಂ ಕೋರ್ಟು 1923ರಲ್ಲಿ ತೀರ್ಪು ಕೊಟ್ಟಿತು. ಮುಂದೆ 1970ರ ಗಣತಿಯಲ್ಲಿ ಭಾರತದವರು ಬಿಳಿಯರ ಲೆಕ್ಕಕ್ಕೆ ಸೇರಿದರು. 1980ಕ್ಕೆ ಮತ್ತೆ ಅಲ್ಲಿಂದ ಎಬ್ಬಿಸಿ 'ಏಷ್ಯನ್ ಇಂಡಿಯನ್' ಮಾಡಿದರು. ಹೀಗೆ ಹತ್ತು ವರ್ಷ ಬೆಳ್ಳಗಾಗಿ ಮತ್ತೆ ಮೊದಲಿನ ಬಣ್ಣಕ್ಕೆ ಬಂದವರು, ಮುಖಕ್ಕೆ ಏನನ್ನೂ ಹಚ್ಚಿಕೊಳ್ಳದೆ.

ಬರೆದಿಡುವ ಈ ಚಟವನ್ನು ನಮಗೆ ಹಚ್ಚಿದವರು ಇಂಗ್ಲಿಷರು. ಬಸ್ಸಿನ ಹಿರಿಯರು ಕೇಳಿ ಮರೆಯುತ್ತಾರೆ, ಇಂಗ್ಲಿಷರು ಅಚ್ಚು ಹಾಕಿಸಿದರು. ಮುಂಬಯಿ ಪ್ರಾಂತದ ಗೆಝೆಟಿಯರಿನ 22ನೇ ಸಂಪುಟ ಧಾರವಾಡ ಜಿಲ್ಲೆಯದು, ಹೊರಬಂದದ್ದು 1884ರಲ್ಲಿ. ಜೇಮ್ಸ್ ಕ್ಯಾಂಬೆಲ್ ಎಂಬ ಸಾಹೇಬರ ಸಂಪಾದಕತ್ವ. ಅದನ್ನು ಓದುವ ಸುಖವೇ ಬೇರೆ. ಮಳೆ, ಬೆಳೆ, ಕೆರೆ, ಕೋಟೆ ಎಲ್ಲ ಇದ್ದು, ನಡುವೆ ಜಿಲ್ಲೆಯ ಒಂದೊಂದು ಜಾತಿಗೂ ಒಂದೊಂದು ಚಾರಿತ್ರ್ಯ ಪ್ರಮಾಣಪತ್ರ ಇದೆ. ಇವರು ಶುಚಿ, ಕಷ್ಟಜೀವಿಗಳು. ಅವರು ಮಿತವ್ಯಯಿಗಳು, ಶಾಂತ ಸ್ವಭಾವದವರು. ಇನ್ನೊಬ್ಬರು ಅತಿಥಿಸತ್ಕಾರದವರು, ಆದರೆ ಸೋಮಾರಿಗಳು. ಮೈಬಣ್ಣ, ಮೈಕಟ್ಟು, ಮನೆ, ಉಡುಪು, ಊಟ, ಕುಡಿತ, ಒಂದನ್ನೂ ಬಿಟ್ಟಿಲ್ಲ. ಒಂದು ಇಡೀ ಜಾತಿ ಶಾಂತ ಸ್ವಭಾವದ್ದು ಎಂದು ಬರೆದವರು ಆ ಜಾತಿಯ ಒಂದು ಲಗ್ನದಲ್ಲಿ ಬೀಗರ ಪಂಕ್ತಿಗೆ ಹೋಳಿಗೆ ತಡವಾದದ್ದನ್ನು ನೋಡಿರಲಿಕ್ಕಿಲ್ಲ.

ನಮ್ಮ ಪೈಕಿಯವರ ಪುಟವನ್ನೂ ಹುಡುಕಿ ಓದಿದೆ. ಅಲ್ಲಿಯೂ ಅದೇ ಧಾಟಿ: ದುಡಿಯುವ, ಮಿತವ್ಯಯದ ಜನ. ಮನೆಗೆ ಬಂದು ಹೆಮ್ಮೆಯಿಂದ ಹೇಳಿದೆ. "ದುಡಿಯೂದು ಗೊತ್ತಿಲ್ಲ. ಎರಡನೇದು ಮಾತ್ರ ಸಾಹೇಬ ನಿಮ್ಮ ಮನೀಗೆ ಬಂದ ಬರದಾನ" ಅಂದಳು ಇವಳು.

1901ರ ಜನಗಣತಿಯ ಮುಖ್ಯಸ್ಥ ರಿಸ್ಲಿ ಸಾಹೇಬರದು ಇನ್ನೂ ಒಂದು ಹೆಜ್ಜೆ ಮುಂದೆ. ಅವರಿಗೆ ಮಾತಿನ ಮೇಲೆ ನಂಬಿಕೆ ಇರಲಿಲ್ಲ, ಮೂಗಿನ ಮೇಲಿತ್ತು. ಮೂಗಿನ ಉದ್ದ, ಅಗಲ ಅಳೆದು, ಅಗಲವಾದಷ್ಟೂ ಜಾತಿಯ ಸ್ಥಾನ ಕೆಳಗೆ ಎಂದು ಸಿದ್ಧಾಂತ ಕಟ್ಟಿದರು. ನನ್ನದು ಅವ್ವನ ಮೂಗು, ಉದ್ದ. ತಮ್ಮನದು ಅಪ್ಪನ ಮೂಗು, ಮುಖದ ತುಂಬ ಆರಾಮಾಗಿ ಕಾಲು ಚಾಚಿದೆ. ರಿಸ್ಲಿಯವರ ಪ್ರಕಾರ ಒಂದೇ ತಾಟಿನಲ್ಲಿ ಉಂಡು ಬೆಳೆದ ನಾವಿಬ್ಬರೂ ಬೇರೆ ಬೇರೆ ಕುಲದವರಾಗಬೇಕಾಗಿತ್ತು. ತಮ್ಮನಿಗೆ ಇದನ್ನು ಹೇಳಿದಾಗ, "ಅದಕ್ಕs ಆಸ್ತಿ ಪಾಲಿನ್ಯಾಗ ನನಗ ಹಿಂದಿನ ಖೋಲಿ ಬಂತೇನು?" ಅಂದ. ಅವನು ಧಾರವಾಡದಲ್ಲಿದ್ದಾನೆ, ಅಲ್ಲಿಯವರಿಗೆ ಎಲ್ಲದರಲ್ಲೂ ಒಳಾರ್ಥ ಕಾಣುತ್ತದೆ.

ನಮ್ಮಜ್ಜನ ಕಾಗದಪತ್ರಗಳ ಒಂದು ಟ್ರಂಕು ಆ ಹಿಂದಿನ ಖೋಲಿಯಲ್ಲಿದೆ. ಲೆಕ್ಕವೆಲ್ಲ ಮೋಡಿ ಲಿಪಿಯಲ್ಲಿ. ಬರೆದ ಅಜ್ಜ ಹೋದ ಮೇಲೆ ನಮಗೆ ಯಾರಿಂದ ಎಷ್ಟು ಬರಬೇಕು, ನಾವು ಯಾರಿಗೆ ಎಷ್ಟು ಕೊಡಬೇಕು ಎಂದು ಓದಬಲ್ಲವರು ಮನೆಯಲ್ಲಿ ಉಳಿಯಲಿಲ್ಲ, ಎರಡೂ ಕಡೆ ನಿಶ್ಚಿಂತೆ. ಅಜ್ಜ ಮುಂಬಯಿ ಇಲಾಖೆಯ ಪ್ರಜೆ. ಅಪ್ಪ 1956ರ ನವೆಂಬರ್ 1ರಂದು ಮೈಸೂರು ರಾಜ್ಯದವನಾದ. 1973ರ ನವೆಂಬರ್ 1ರಂದು ಅದೇ ಮನೆಯ ಅದೇ ಕಟ್ಟೆಯ ಮೇಲೆ ಕೂತ ಅಪ್ಪ, ನಾನು, ತಮ್ಮ ಮೂವರೂ ಕರ್ನಾಟಕದವರಾದೆವು. 2014ರ ರಾಜ್ಯೋತ್ಸವಕ್ಕೆ ಊರಿನ ಇಂಗ್ಲಿಷ್ ಹೆಸರು ಹುಬ್ಲಿ ಹೋಗಿ ಹುಬ್ಬಳ್ಳಿ ಆಯಿತು. ಕದಲದೆ ಕೂತವರಿಗೇ ಇಷ್ಟು ವರ್ಗಾವಣೆ.

ಆಗಿನ ಮುಂಬಯಿ ಇಲಾಖೆಯಲ್ಲಿ ಕನ್ನಡ ಕಲಿಸುವುದೇ ಒಂದು ಹೋರಾಟವಾಗಿತ್ತು. ಈ ಸೀಮೆಯ ಸಾಲೆಗಳಲ್ಲಿ ಮರಾಠಿಯದೇ ನಡೆಯುತ್ತಿದ್ದಾಗ ಡೆಪ್ಯೂಟಿ ಚೆನ್ನಬಸಪ್ಪನವರು ಕನ್ನಡ ಸಾಲೆಗಳನ್ನು ಬೆಳೆಸಲು ಹೆಣಗಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದವರು ರಾ.ಹ. ದೇಶಪಾಂಡೆಯವರು. ಹೊರಗಿನವರು ಅಡ್ಡಹೆಸರು ನೋಡಿದರೆ ಇವರು ಪುಣೆಯವರೇ ಎಂದು ಷರಾ ಬರೆಯುತ್ತಾರೆ. ಬೇಂದ್ರೆಯವರ ಮನೆಮಾತಂತೂ ಮರಾಠಿಯೇ. ಸಾಧನಕೇರಿಯ ಆ ಮನೆಯಿಂದ ಕನ್ನಡಕ್ಕೆ 1973ರ ಜ್ಞಾನಪೀಠ ಬಂತು. ಬೇಂದ್ರೆ ಅಜ್ಜನನ್ನು ಬಿಟ್ಟುಕೊಡು ಎಂದು ಕೇಳಿದರೆ ಧಾರವಾಡದಲ್ಲಿ ಇವತ್ತಿಗೂ ಕೋಲು ಹಿಡಿದು ಬರುವವರಿದ್ದಾರೆ, ಅವರಲ್ಲಿ ಅರ್ಧ ಜನ ಅವರ ಕವಿತೆ ಓದದವರು.

ಇಷ್ಟೆಲ್ಲ ಹೋರಾಡಿ ಕನ್ನಡಿಗರಾದ ನಾವು ಬೆಂಗಳೂರಿನಲ್ಲಿ ಇಳಿದ ಕೂಡಲೇ 'ಉತ್ತರ ಕರ್ನಾಟಕದವರು' ಆಗುತ್ತೇವೆ. ಬಂಧುವೊಬ್ಬರ ಮನೆಯ ಸಮಾರಂಭದಲ್ಲಿ ನಾನು ಬಾಯಿ ತೆಗೆದು ನೀರು ಕೇಳಿದ್ದೇ ತಡ, ಸುತ್ತಲಿದ್ದವರ ಮುಖ ಅರಳಿತು. "ಅಯ್ಯೋ, ನಿಮ್ಮ ಕನ್ನಡ ಎಷ್ಟು ಚೆನ್ನಾಗಿದೆ! ಇನ್ನೂ ಸ್ವಲ್ಪ ಮಾತಾಡಿ ಸರ್." ನೀರಿಗಾಗಿ ಒಂದು ನಾಟಕದಷ್ಟು ಸಂಭಾಷಣೆ ಹೇಳಬೇಕಾಯಿತು. ಪುಣೆಗೆ ಹೋದರೆ ಅಲ್ಲಿ ನಾವು 'ಕಾನಡಿ'. ದಿಲ್ಲಿಗೆ ಹೋದರೆ ಮದ್ರಾಸಿ. ಮಗ ಅಮೆರಿಕದಲ್ಲಿ ಕನ್ನಡ ಕೂಟದ ದೀಪಾವಳಿಗೆ ಹೋದಾಗ ಮೊದಲ ಪ್ರಶ್ನೆಯೇ, "ಕರ್ನಾಟಕದಲ್ಲಿ ಎಲ್ಲಿ?" ಹುಬ್ಬಳ್ಳಿ ಅಂದನಂತೆ. "ಓ, ನಾರ್ತ್ ಕರ್ನಾಟಕಾನಾ!" ಎಂದು ರೊಟ್ಟಿಯ ಬಗ್ಗೆ ಮಾತು ತೆಗೆದರಂತೆ. ಏಷ್ಯನ್ ಡಬ್ಬಿಯಿಂದ ಹೊರಬಂದು ರೊಟ್ಟಿಯ ಬುಟ್ಟಿಗೆ ಬಿದ್ದ.

ಹೀಗೆ ಯಾರು ಕೇಳಿದರೆ ಅವರ ಪಟ್ಟಿಯಲ್ಲಿ ನಮಗೊಂದು ಹೆಸರು. ಧಾರವಾಡ ಜಿಲ್ಲೆಯಲ್ಲಿ ತನ್ನ ಕುಲದ ಬಗ್ಗೆ ಅನುಮಾನಕ್ಕೆ ಎಡೆಯಿಲ್ಲದ ಕಾಗದ ಇರುವುದು, ನನಗೆ ತಿಳಿದ ಮಟ್ಟಿಗೆ, ಎಮ್ಮೆಗೆ. ಧಾರವಾಡಿ ಎಮ್ಮೆಗೆ 2021ರಲ್ಲಿ ಪ್ರತ್ಯೇಕ ತಳಿ ಎಂಬ ರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಅರ್ಧಚಂದ್ರನ ಆಕಾರದ ಉದ್ದ ಕೋಡು ಅದರ ಗುರುತು. ಅದನ್ನು ಯಾರೂ "ಮೂಲ ಯಾವೂರು" ಎಂದು ಕೇಳುವಂತಿಲ್ಲ. ನಾನು ಬೆಳಿಗ್ಗೆ ತಿರುಗಾಡಲು ಹೋದಾಗ ರಸ್ತೆಯ ನಡುವೆ ಅಡ್ಡ ನಿಂತ ಒಂದೊಂದರ ಮುಖದಲ್ಲಿ ಆ ಠೀವಿ ಕಾಣುತ್ತದೆ. ಹಾರ್ನ್ ಹೊಡೆದರೂ ಸರಿಯುವುದಿಲ್ಲ, ಪತ್ರ ಇದೆಯಲ್ಲ.

ಆ ಎಮ್ಮೆಯ ಹಾಲಿನಿಂದ ಹೆಸರಾದ ಧಾರವಾಡ ಪೇಡೆಯ ಮೂಲ ಕೇಳಿದರೆ ಮಾತ್ರ ನಮ್ಮ ಹಿರಿಯರು ತಡವರಿಸಬೇಕು. ಅದನ್ನು ಇಲ್ಲಿ ಮಾಡಲು ಶುರು ಮಾಡಿದವರು ರಾಮರತನ ಸಿಂಗ್ ಠಾಕೂರರು, ಉತ್ತರ ಪ್ರದೇಶದ ಉನ್ನಾವ್ ಕಡೆಯವರು. ಅಲ್ಲಿ ಪ್ಲೇಗು ಬಂತೆಂದು ಊರು ಬಿಟ್ಟು ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಕುಟುಂಬ. ಮೊಮ್ಮಗ ಬಾಬುಸಿಂಗರ ಕಾಲಕ್ಕೆ ಲೈನ್ ಬಜಾರಿನ ಅಂಗಡಿ ಮನೆಮಾತಾಯಿತು. ಈಗ ಪೇಡೆಗೆ ಭೌಗೋಳಿಕ ಗುರುತಿನ ಜಿಐ ಮಾನ್ಯತೆ ಇದೆ. ಧಾರವಾಡದ ಮಣ್ಣಿನದು ಎಂದು ಸರ್ಕಾರವೇ ಮುದ್ರೆ ಒತ್ತಿದೆ. ಒಂದು ಸಿಹಿ ನಮ್ಮದಾಗಲು ಎರಡು ಮೂರು ತಲೆಮಾರು ಸಾಕಾಯಿತು. ಯಾರಿಗೂ ತಕರಾರಿಲ್ಲ, ನನಗೂ ಇಲ್ಲ. ಅರ್ಧ ಕಿಲೋ ಒಯ್ಯದೆ ನಾನು ಯಾವ ಬೀಗರ ಮನೆಗೂ ಹೋಗಿಲ್ಲ.

ಒಮ್ಮೆ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಿಂತಿದ್ದೆ. ಇಪ್ಪತ್ತೈದರ ಆಸುಪಾಸಿನ ಹುಡುಗ, ಗುಂಗುರು ಕೂದಲು, ಕಪ್ಪು ಮೈ, ಕೈಯಲ್ಲಿ ರೇಷನ್ನಿನ ಬಟ್ಟೆ ಚೀಲ, ಚಹಾ ಆರಿಸಿಕೊಳ್ಳುತ್ತ ಬಸ್ಸಿನ ಬೋರ್ಡು ನೋಡುತ್ತಿದ್ದ. ಪಕ್ಕದ ಇಬ್ಬರು ಕಾಲೇಜು ಹುಡುಗರು ಬಹಳ ಹೊತ್ತು ಪಿಸುಗುಟ್ಟಿ ಕೊನೆಗೆ ಇಂಗ್ಲಿಷಿನಲ್ಲಿ ಕೇಳಿದರು: ಯಾವ ಕಂಟ್ರಿ ಬ್ರೋ? ನೈಜೀರಿಯಾ? ಅವನು ತಿರುಗಿ, "ಕಲಘಟಗಿ ತಾಲೂಕು. ನಮ್ಮೂರ ಬಸ್ ಹೋತೇನ್ರಿ, ನೋಡಿರೇನು?" ಅಂದ. ಹುಡುಗರಿಗೆ ಆನಂದವೋ ಆನಂದ. "ಏ, ಕನ್ನಡಾ ಎಷ್ಟ್ ಚಲೋ ಮಾತಾಡ್ತೀಯಪಾ!" ಅವನು ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಚಹಾದ ರೊಕ್ಕ ಕೊಟ್ಟು ಬಸ್ಸಿನ ಕಡೆ ಹೋದ. ಬೆಂಗಳೂರಿನ ಆ ನೀರಿನ ಲೋಟ ನೆನಪಾಯಿತು, ಆದರೆ ಎರಡನ್ನೂ ಸಮ ಮಾಡಿ ನೋಡಲಾರೆ. ನನ್ನನ್ನು ಅವರು ಹೊಗಳಿ ಊಟಕ್ಕೆ ಕೂರಿಸಿದ್ದರು.

ಆ ಹುಡುಗ ಸಿದ್ದಿ. ಸಿದ್ದಿಗಳ ಪೂರ್ವಜರನ್ನು ಪೂರ್ವ ಆಫ್ರಿಕದಿಂದ ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಪೋರ್ಚುಗೀಸರು ಮುಖ್ಯರು. ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಯಲ್ಲಾಪುರ, ಹಳಿಯಾಳ, ಕಲಘಟಗಿ, ಖಾನಾಪುರದ ಸುತ್ತ ನೆಲೆಸಿ ಶತಮಾನಗಳೇ ಆದವು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಕೊಂಕಣಿ, ಮರಾಠಿ, ಕನ್ನಡ ಮೂರೂ ನಾಲಿಗೆಯ ಮೇಲಿವೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು, ಧಾರವಾಡ ಮತ್ತು ಬೆಳಗಾವಿ ಜಿಲ್ಲೆಯವರನ್ನು ಸೇರಿಸಿದ್ದು 2020ರಲ್ಲಿ. ನಡುವಿನ ವರ್ಷಗಳಲ್ಲಿ ಹಳಿಯಾಳದ ದೊಡ್ಡಪ್ಪನ ಮಗ ಬುಡಕಟ್ಟಿನವನು, ಕಾಡಿನ ಈಚೆ ಕಲಘಟಗಿಯ ಚಿಕ್ಕಪ್ಪನ ಮಗ ಅಲ್ಲ. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು, ಆ ಸಮುದಾಯದಿಂದ ಶಾಸನಸಭೆ ಮೆಟ್ಟಿಲೇರಿದ ಮೊದಲಿಗರು. ಪೇಡೆಗಿಂತ ಎಷ್ಟೋ ಮೊದಲು ಬಂದವರನ್ನು ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಇವತ್ತಿಗೂ ಕಂಟ್ರಿ ಕೇಳುತ್ತಾರೆ. ಇದಕ್ಕೆ ಏನು ಸಬೂಬು ಹೇಳಬೇಕೋ ನನಗೆ ಹೊಳೆದಿಲ್ಲ.

ನಾನಿರುವ ನವನಗರ ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಬಿದ್ದಿದೆ. 1962ರಿಂದ ಎರಡಕ್ಕೂ ಒಂದೇ ಮಹಾನಗರ ಪಾಲಿಕೆ. 2025ರ ಜನವರಿಯಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು ಸಚಿವ ಸಂಪುಟ ಒಪ್ಪಿತು. ಅಂದಿನಿಂದ ನಮ್ಮ ಉದ್ಯಾನದ ಕಲ್ಲುಬೆಂಚಿನ ಮೇಲೆ ಹೊಸ ರಾಷ್ಟ್ರೀಯತೆಗಳು ಹುಟ್ಟಿಕೊಂಡಿವೆ. ವ್ಯಾಪಾರ ಮಾಡಿದವರೆಲ್ಲ ಹುಬ್ಬಳ್ಳಿ ಅನ್ನುತ್ತಾರೆ, ಪಾಠ ಮಾಡಿದವರೆಲ್ಲ ಧಾರವಾಡ ಅನ್ನುತ್ತಾರೆ. ನೀರು ಯಾರು ಸರಿಯಾಗಿ ಬಿಡುತ್ತಾರೋ ಅವರ ಪೈಕಿ ಎಂದು ಹೆಂಗಸರು ತೀರ್ಮಾನಿಸಿಬಿಟ್ಟಿದ್ದಾರೆ.

ಇಷ್ಟರಲ್ಲಿ ಸಮೀಕ್ಷೆ ಬಂತು. 2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ, 60 ಪ್ರಶ್ನೆ, ದಸರಾ ರಜೆಯ ಸಾಲಿ ಮಾಸ್ತರರ ಕೈಯಲ್ಲಿ ಮೊಬೈಲು. ಅದಕ್ಕೆ ಮೊದಲು ವಾರಗಟ್ಟಲೆ ವಾಟ್ಸ್ಯಾಪಿನಲ್ಲಿ ಕರಪತ್ರಗಳ ಮಳೆ. ಧರ್ಮದ ಕಾಲಂನಲ್ಲಿ ಇದನ್ನೇ ಬರೆಸಿ, ಜಾತಿಯಲ್ಲಿ ಅದನ್ನೇ, ಉಪಜಾತಿ ಬರೆಸಲೇಬೇಡಿ, ತಪ್ಪದೆ ಬರೆಸಿ. ನಮ್ಮ ಪೈಕಿಯ ಎರಡು ಬಣಗಳಿಂದ ಎರಡು ಕರಪತ್ರ ಬಂದವು. ಒಂದಕ್ಕೊಂದು ತದ್ವಿರುದ್ಧ, ಕೆಳಗಿನ ಶುಭಾಶಯ ಮಾತ್ರ ಎರಡರಲ್ಲೂ ಒಂದೇ.

ನಮ್ಮ ಮನೆಗೆ ಬಂದದ್ದು ಒಬ್ಬ ಅಕ್ಕೋರು. ಬಾಗಿಲ ಸ್ಟಿಕ್ಕರಿನ ಮುಂದೆ ಮೊಬೈಲು ಹಿಡಿದರು, ನೆಟ್‌ವರ್ಕ್ ಸಿಗಲಿಲ್ಲ. ಹಿತ್ತಲಿಗೆ ಹೋದರು, ಸಿಗಲಿಲ್ಲ. ಕೊನೆಗೆ ಮಾಳಿಗೆಯ ಮೇಲೆ ಹಪ್ಪಳ ಒಣಹಾಕಿದ ಚಾಪೆಯ ಪಕ್ಕದಲ್ಲಿ ಸಿಕ್ಕಿತು. ಅಲ್ಲಿಯೇ ನಮ್ಮ ಕುಲ ನಿರ್ಣಯವಾಯಿತು. ಜಾತಿಯ ಪಟ್ಟಿ ಸಾವಿರ ದಾಟಿದ್ದು, ಅಕ್ಕೋರು ಬೆರಳಿನಿಂದ ಸರಿಸುತ್ತ ಹೋದರು. ನಮ್ಮದು ಒಂದೇ ಹೆಸರು, ಕಾಗುಣಿತದ ಒಂದು ಕೊಂಬಿನ ವ್ಯತ್ಯಾಸದಿಂದ ಎರಡಾಗಿ ಕೂತಿತ್ತು. "ಯಾವುದು ಒತ್ಲಿ ಸರ್ರ?" ಬಿಸಿಲು ಏರಿತ್ತು. ಮೇಲಿನದನ್ನು ಒತ್ತಿ ಅಂದೆ. ಇವಳು ಅಷ್ಟರಲ್ಲಿ ಅಕ್ಕೋರ ತವರೂರು, ಅಡ್ಡಹೆಸರು, ಅತ್ತೆಯ ಸ್ವಭಾವ ಎಲ್ಲ ತಿಳಿದುಕೊಂಡಿದ್ದಳು. ಆ್ಯಪ್ ಇಲ್ಲದೆ.

ಬನ್ನಿ ಹಬ್ಬದ ದಿನ ತಮ್ಮ ಧಾರವಾಡದಿಂದ ಬಂದ. ಬನ್ನಿ ಕೊಟ್ಟು ಕಾಲು ಮುಟ್ಟಿದ ಮೇಲೆ ಸಮೀಕ್ಷೆಯ ಮಾತು ಬಂತು. ಅವನ ಮನೆಗೆ ಬಂದ ಮಾಸ್ತರರು ಕೆಳಗಿನದನ್ನು ಒತ್ತಿದ್ದರು. ಉಪಜಾತಿಯಲ್ಲಿ ಅವನು ಇನ್ನೊಂದು ಬಣದ ಕರಪತ್ರದಂತೆ ಬರೆಸಿದ್ದ. ಸರ್ಕಾರದ ಲೆಕ್ಕದಲ್ಲಿ ನಾವಿಬ್ಬರೂ ಈಗ ಬೇರೆ ಬೇರೆ ಜಾತಿ. ರಿಸ್ಲಿ ಸಾಹೇಬರು ಮೂಗು ಅಳೆದು ಮಾಡಬೇಕೆಂದಿದ್ದನ್ನು ಒಂದು ಕೊಂಬು ಮಾಡಿ ಮುಗಿಸಿತ್ತು.

ತಮ್ಮ ಹೊಸ್ತಿಲಲ್ಲಿ ನಿಂತು, ಬಹಳ ವಿನಯದಿಂದ, "ವೈನೀ, ನಿಮ್ಮ ಮನ್ಯಾಗ ನಾವು ಉಣ್ಣಬಹುದೇನು?" ಎಂದು ಕೇಳಿದ.

"ಉಣ್ರಿ. ನೀವೇನು ಮಿತವ್ಯಯದ ಜನ, ಎರಡು ಹೋಳಿಗಿ ಸಾಕಾಗ್ತಾವು."

ಆರು ತಿಂದ. ಏಳನೆಯದಕ್ಕೆ ತುಪ್ಪ ಕೇಳಿದ. ಕ್ಯಾಂಬೆಲ್ ಸಾಹೇಬರು ನಮ್ಮ ತಮ್ಮನನ್ನು ನೋಡಿರಲಿಲ್ಲ.